ಅಜಿನಮೊಟೊ ಬೇಡ ಅಂದೆವು, ಅನ್ನದ ಬಗ್ಗೆ ಕೇಳಲಿಲ್ಲ: ಚೈನೀಸ್ ತಿಂಡಿಯ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

"ಅಣ್ಣಾರ, ಅಜಿನಮೊಟೊ ಮಾತ್ರ ಹಾಕಬ್ಯಾಡ್ರಿ."

ಚೈನೀಸ್ ಅಂಗಡಿಯಲ್ಲಿ ಕೂತ ಕೂಡಲೇ ನಮ್ಮ ತಂಡದಿಂದ ಹೊರಟ ಮೊದಲ ಮಾತು ಇದು. ಕಳೆದ ಬೇಸಿಗೆಯಲ್ಲಿ ನಾವು ಐದು ಜನ ಸಹೋದ್ಯೋಗಿಗಳು ಮೂರು ದಿನ ಜೇವರ್ಗಿ, ಅಫಜಲಪುರ, ಆಳಂದ ಸುತ್ತಿದ್ದೆವು. ಕಾಲೇಜು ವಿದ್ಯಾರ್ಥಿಗಳಿಗೆ ವಾಟ್ಸ್ಆ್ಯಪ್ ಫಾರ್ವರ್ಡ್‌ಗಳನ್ನು ಪರಿಶೀಲಿಸುವುದು ಹೇಗೆ ಎಂದು ಹೇಳಿಕೊಡುವುದು ನಮ್ಮ ಕೆಲಸ. ಹಗಲೆಲ್ಲಾ ಜೋಳದ ರೊಟ್ಟಿ, ಪುಂಡಿಪಲ್ಲೆ ಉಂಡವರಿಗೆ ಒಂದು ಸಂಜೆ ಬೇರೆ ಏನಾದರೂ ತಿನ್ನೋಣ ಅನ್ನಿಸಿತು. ಊರು ಮುಗಿಯುವಲ್ಲಿ, ಮುಖ್ಯರಸ್ತೆಯ ಬದಿಯಲ್ಲಿ ಒಂದು ಸಣ್ಣ ಫಾಸ್ಟ್ ಫುಡ್ ಅಂಗಡಿ ಸಿಕ್ಕಿತು. ತಗಡಿನ ಚಪ್ಪರ, ಹತ್ತು ಪ್ಲಾಸ್ಟಿಕ್ ಕುರ್ಚಿ, ದೊಡ್ಡ ಉರಿಯ ಒಲೆ, ಕಡಾಯಿ. ಗೋಬಿ ಮಂಚೂರಿ, ನೂಡಲ್ಸ್, ಎಗ್ ಫ್ರೈಡ್ ರೈಸ್ ಹೇಳಿದೆವು. ಅಂಗಡಿಯ ಹೆಸರನ್ನು, ಯಾವ ಊರು ಎಂಬುದನ್ನು ಇಲ್ಲಿ ಬರೆಯುತ್ತಿಲ್ಲ. ಕಾರಣ ಕೊನೆಯಲ್ಲಿ ತಿಳಿಯುತ್ತದೆ.

ಅಜಿನಮೊಟೊ ಬೇಡ ಎಂದವರು ನಮ್ಮ ಹಿರಿಯ ಸಹೋದ್ಯೋಗಿ. ಅವರಿಗೆ ಬಿಪಿ ಇದೆ. ಮನೆಯವರ ಗುಂಪಿನಲ್ಲಿ ಬಂದ ಸಂದೇಶವನ್ನು ತೋರಿಸಿದರು. ಅಜಿನಮೊಟೊ ನಿಧಾನವಾಗಿ ಕೊಲ್ಲುವ ವಿಷ, ಅದರಿಂದ ಕ್ಯಾನ್ಸರ್ ಬರುತ್ತದೆ, ಗೋಬಿ ಮಂಚೂರಿಯನ್ನು ಸರ್ಕಾರವೇ ನಿಷೇಧಿಸಿದೆ, ಕೋಸಿನಲ್ಲಿರುವ ಹುಳು ಮಿದುಳಿಗೆ ಹೋಗುತ್ತದೆ. ಕೊನೆಗೆ "ಎಲ್ಲರಿಗೂ ಕಳುಹಿಸಿ, ಒಂದು ಜೀವ ಉಳಿಸಿ" ಎಂಬ ಸಾಲು.

ಅಂಗಡಿಯವರು ನಗುತ್ತಲೇ "ನಾವು ಹಾಕೋದೇ ಇಲ್ರಿ ಸರ್" ಎಂದರು. ನಾವು ನಿಶ್ಚಿಂತೆಯಿಂದ ತಿಂದೆವು. ಅದೇ ರಾತ್ರಿ, ತಿಂದು ಮೂರು ಗಂಟೆಯಾಗುವಷ್ಟರಲ್ಲಿ, ಐವರಲ್ಲಿ ಇಬ್ಬರಿಗೆ ವಾಂತಿ ಶುರುವಾಯಿತು.

ಬೆಳಗ್ಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಅಜಿನಮೊಟೊ ಹಾಕ್ಯಾರ, ಸುಳ್ಳು ಹೇಳ್ಯಾರ." ಆದರೆ ಕಾರಣ ಅದೇ ಆಗಿತ್ತೇ? ಹುಡುಕುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಪೂರ್ತಿ ಓದಲು ಸಮಯವಿಲ್ಲದವರಿಗೆ

- ಸಾಮಾನ್ಯ ಪ್ರಮಾಣದ ಅಜಿನಮೊಟೊ ವಿಷ ಎಂಬುದಕ್ಕೂ, ಅದರಿಂದ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೂ ಪುರಾವೆ ಇಲ್ಲ.
- ಕರ್ನಾಟಕದಲ್ಲಿ ನಿಷೇಧವಾಗಿರುವುದು ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣ. ಗೋಬಿ ಮಂಚೂರಿಗೆ ನಿಷೇಧವಿಲ್ಲ.
- ಕೋಸಿನ ಹುಳುವಿನ ಮಾತಿನಲ್ಲಿ ಅರ್ಧ ಸತ್ಯವಿದೆ. ಭಯಪಡಬೇಕಾದದ್ದು ತೊಳೆಯದ ಹಸಿ ತರಕಾರಿಗೆ, ಬೇಯಿಸಿದ ಕೋಸಿಗಲ್ಲ.
- ಯಾವ ಫಾರ್ವರ್ಡ್‌ನಲ್ಲೂ ಕಾಣದ ನಿಜವಾದ ಅಪಾಯ ಒಂದಿದೆ: ಮಧ್ಯಾಹ್ನ ಬೇಯಿಸಿ, ಸಂಜೆಯವರೆಗೆ ಹೊರಗೇ ಇಟ್ಟ ಅನ್ನ.

ಹೇಳಿಕೆ 1: ಅಜಿನಮೊಟೊ ನಿಧಾನ ವಿಷ

ಮೊದಲು ಅದು ಏನೆಂದು ನೋಡೋಣ. ಅಜಿನಮೊಟೊ ಎಂಬುದು ಜಪಾನಿನ ಕಂಪನಿಯೊಂದರ ಹೆಸರು. ಪುಡಿಯ ನಿಜ ಹೆಸರು ಮೊನೊಸೋಡಿಯಂ ಗ್ಲುಟಮೇಟ್, ಚಿಕ್ಕದಾಗಿ ಎಂಎಸ್‌ಜಿ. 1908ರಲ್ಲಿ ಟೋಕಿಯೊದ ವಿಜ್ಞಾನಿ ಕಿಕುನೆ ಇಕೆಡಾ ಅವರು ಕೊಂಬು ಎಂಬ ಕಡಲಕಳೆಯ ಸಾರು ಅಷ್ಟು ರುಚಿಯಾಗಿರುವುದು ಯಾಕೆ ಎಂದು ಹುಡುಕಹೊರಟರು. ಅದರಲ್ಲಿ ಗ್ಲುಟಮೇಟ್ ಸಿಕ್ಕಿತು. ಆ ರುಚಿಗೆ ಅವರು 'ಉಮಾಮಿ' ಎಂದು ಹೆಸರಿಟ್ಟರು. ಮರುವರ್ಷವೇ ಪುಡಿ ಮಾರುಕಟ್ಟೆಗೆ ಬಂತು.

ಗ್ಲುಟಮೇಟ್ ನಮ್ಮ ಅಡುಗೆಮನೆಗೆ ಹೊಸದಲ್ಲ. ಚೆನ್ನಾಗಿ ಹಣ್ಣಾದ ಟೊಮೆಟೊ, ಅಣಬೆ, ಚೀಸ್‌ನಲ್ಲಿ ಅದು ಸಹಜವಾಗಿಯೇ ಇದೆ. ತಾಯಿಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಹಲವು ಪಟ್ಟು ಹೆಚ್ಚಿದೆ. ಟೊಮೆಟೊದಿಂದ ಬಂದ ಗ್ಲುಟಮೇಟ್, ಪುಡಿಯಿಂದ ಬಂದ ಗ್ಲುಟಮೇಟ್ ಎಂಬ ಭೇದ ನಮ್ಮ ಹೊಟ್ಟೆಗೆ ತಿಳಿಯುವುದಿಲ್ಲ. ಎರಡೂ ಒಂದೇ ವಸ್ತು.

ಇಂದು ಈ ಪುಡಿಯನ್ನು ತಯಾರಿಸುವುದು ಹುದುಗು ಬರಿಸುವ ವಿಧಾನದಿಂದ. ಕಬ್ಬಿನ ಸಿಹಿ ಅಥವಾ ಕಾಕಂಬಿ, ಮರಗೆಣಸಿನ ಪಿಷ್ಟ ಇಂಥವನ್ನು ಒಂದು ಬಗೆಯ ಬ್ಯಾಕ್ಟೀರಿಯಾಕ್ಕೆ ಉಣಿಸುತ್ತಾರೆ. ಅದು ಸಕ್ಕರೆ ತಿಂದು ಗ್ಲುಟಮಿಕ್ ಆಮ್ಲ ಬಿಡುತ್ತದೆ. ಅದಕ್ಕೆ ಸೋಡಿಯಂ ಸೇರಿಸಿ ಹರಳು ಮಾಡುತ್ತಾರೆ. ಆಳಂದ, ಅಫಜಲಪುರದ ಹೊಲಗಳಲ್ಲಿ ಬೆಳೆಯುವ ಕಬ್ಬಿನಂಥದ್ದೇ ಇದರ ಕಚ್ಚಾವಸ್ತು. ಹಾಲು ಮೊಸರಾಗುವುದು, ಇಡ್ಲಿ ಹಿಟ್ಟು ಉಬ್ಬುವುದು ಕೂಡ ಹುದುಗಿನ ಕೆಲಸವೇ.

ಹಾಗಾದರೆ ಹೆದರಿಕೆ ಎಲ್ಲಿಂದ ಬಂತು?

ಒಂದು ಪತ್ರದಿಂದ. ಅಮೆರಿಕದಲ್ಲಿದ್ದ ವೈದ್ಯ ರಾಬರ್ಟ್ ಹೋ ಮನ್ ಕ್ವಾಕ್ 1968ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಗೆ ಒಂದು ಪತ್ರ ಬರೆದರು. ಚೈನೀಸ್ ಹೋಟೆಲಿನಲ್ಲಿ ಉಂಡ ಮೇಲೆ ಕತ್ತಿನ ಹಿಂಭಾಗ ಜೋಮು ಹಿಡಿದಂತಾಗುತ್ತದೆ, ಎದೆ ಡವಡವ ಅನ್ನುತ್ತದೆ ಎಂಬುದು ಅವರ ಅನುಭವ. ಸೋಯಾ ಸಾಸ್ ಇರಬಹುದೇ, ಅಡುಗೆಗೆ ಹಾಕುವ ವೈನ್ ಇರಬಹುದೇ, ಎಂಎಸ್‌ಜಿ ಇರಬಹುದೇ, ಹೆಚ್ಚಾದ ಉಪ್ಪೇ ಕಾರಣವೇ ಎಂದು ಅವರು ಕೇಳಿದ್ದರು ಅಷ್ಟೆ. ಆದರೆ ಆ ಪತ್ರ 'ಚೈನೀಸ್ ರೆಸ್ಟೋರೆಂಟ್ ಸಿಂಡ್ರೋಮ್' ಎಂಬ ತಲೆಬರಹದಡಿ ಅಚ್ಚಾಯಿತು. ಪ್ರಶ್ನೆಯಾಗಿದ್ದದ್ದು ಜನರ ಬಾಯಲ್ಲಿ ತೀರ್ಪಾಯಿತು.

ಮರುವರ್ಷ, 1969ರಲ್ಲಿ, ನವಜಾತ ಇಲಿಮರಿಗಳಿಗೆ ಎಂಎಸ್‌ಜಿ ಚುಚ್ಚಿದಾಗ ಮಿದುಳಿಗೆ ಹಾನಿಯಾಯಿತು ಎಂಬ ಪ್ರಯೋಗ ಪ್ರಕಟವಾಯಿತು. ಇಂದಿನ ಫಾರ್ವರ್ಡ್‌ಗಳಲ್ಲಿ ಬರುವ 'ಮಿದುಳು ಹಾಳಾಗುತ್ತದೆ' ಎಂಬ ಮಾತಿನ ಬೇರು ಅಲ್ಲಿದೆ. ಆದರೆ ಆ ಮರಿಗಳಿಗೆ ಅದನ್ನು ಉಣಿಸಿರಲಿಲ್ಲ. ಚರ್ಮದಡಿಗೆ, ಭಾರಿ ಪ್ರಮಾಣದಲ್ಲಿ ಚುಚ್ಚಿದ್ದರು. ನಾವು ಊಟದಲ್ಲಿ ತಿಂದ ಗ್ಲುಟಮೇಟನ್ನು ಕರುಳೇ ಬಹುಪಾಲು ತನ್ನ ಶಕ್ತಿಗೆ ಬಳಸಿಕೊಳ್ಳುತ್ತದೆ.

ಆಮೇಲೆ ಮನುಷ್ಯರ ಮೇಲೆ ಸರಿಯಾದ ಪರೀಕ್ಷೆಗಳಾದವು. 2000ನೇ ಇಸವಿಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 'ನಮಗೆ ಎಂಎಸ್‌ಜಿ ಆಗಿಬರುವುದಿಲ್ಲ' ಎನ್ನುತ್ತಿದ್ದ 130 ಜನರನ್ನೇ ಆರಿಸಿಕೊಂಡರು. ಕೆಲವೊಮ್ಮೆ ಎಂಎಸ್‌ಜಿ, ಕೆಲವೊಮ್ಮೆ ಹುಸಿ ಪುಡಿ ಕೊಟ್ಟರು. ಯಾವುದು ಯಾವುದೆಂದು ತಿಂದವರಿಗೂ ಗೊತ್ತಿರಲಿಲ್ಲ, ಕೊಟ್ಟವರಿಗೂ ಗೊತ್ತಿರಲಿಲ್ಲ. ಊಟವಿಲ್ಲದೆ 5 ಗ್ರಾಂನಷ್ಟು ಕೊಟ್ಟಾಗ ಕೆಲವರಿಗೆ ಸಣ್ಣಪುಟ್ಟ ಲಕ್ಷಣಗಳು ಕಂಡವು. ಅವರನ್ನೇ ಮತ್ತೆ ಮತ್ತೆ ಪರೀಕ್ಷಿಸಿದಾಗ ಅವು ಒಂದೇ ರೀತಿ ಮರುಕಳಿಸಲಿಲ್ಲ.

ಹಾಗೆಂದು ಎಷ್ಟು ಬೇಕಾದರೂ ತಿನ್ನಬಹುದು ಎಂದು ನಾವು ಹೇಳುತ್ತಿಲ್ಲ. ಬರಿಹೊಟ್ಟೆಯಲ್ಲಿ 3 ಗ್ರಾಂಗಿಂತ ಹೆಚ್ಚು ತಿಂದರೆ ಕೆಲವರಿಗೆ ತಲೆನೋವು, ಮುಖ ಬಿಸಿಯಾಗುವುದು ಇಂಥ ಲಕ್ಷಣಗಳು ಸ್ವಲ್ಪ ಹೊತ್ತು ಕಾಣಬಹುದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಮಿಲಿಗ್ರಾಂ ಎಂಬ ಮಿತಿ ಹಾಕಿತು. 60 ಕಿಲೋ ತೂಗುವವರಿಗೆ ಅದು 1.8 ಗ್ರಾಂ, ಅಂದರೆ ಅರ್ಧ ಚಮಚಕ್ಕಿಂತ ಕಡಿಮೆ. ಭಾರತದಲ್ಲಿ ಒಂದು ವರ್ಷದೊಳಗಿನ ಕೂಸುಗಳಿಗೆ ಎಂಎಸ್‌ಜಿ ಬೆರೆಸಿದ ಆಹಾರ ಸಲ್ಲದು. ತಿಂದಾಗಲೆಲ್ಲ ನಿಮಗೆ ತಲೆನೋವು ಬರುತ್ತದೆ ಎಂದಾದರೆ ಬಿಟ್ಟುಬಿಡಿ, ತಪ್ಪೇನಿಲ್ಲ. ಆದರೆ 'ಎಲ್ಲರಿಗೂ ವಿಷ' ಎಂಬುದು ಬೇರೆ ಮಾತು. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಪಟ್ಟಿ ಮಾಡಿರುವ ಕ್ಯಾನ್ಸರ್‌ಕಾರಕಗಳಲ್ಲಿ ಎಂಎಸ್‌ಜಿಯ ಹೆಸರಿಲ್ಲ.

'ಮ್ಯಾಗಿ ಬ್ಯಾನ್ ಆಗಿತ್ತಲ್ಲ?'

ಈ ಪ್ರಶ್ನೆ ನಮಗೆ ಮೂರೂ ತಾಲೂಕುಗಳಲ್ಲಿ ಎದುರಾಯಿತು. 2015ರ ಜೂನ್‌ನಲ್ಲಿ ಎಫ್‌ಎಸ್‌ಎಸ್‌ಎಐ, ಅಂದರೆ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಮ್ಯಾಗಿ ನೂಡಲ್ಸ್ ವಾಪಸ್ ಪಡೆಯಲು ಹೇಳಿದ್ದು ನಿಜ. ಆಗ ಎದ್ದ ಆಕ್ಷೇಪಗಳಲ್ಲಿ ಮುಖ್ಯವಾದವು ಎರಡು: ಸೀಸದ ಅಂಶ ಮಿತಿ ಮೀರಿದೆ ಎಂಬುದು, ಮತ್ತು ಪೊಟ್ಟಣದ ಮೇಲೆ 'ಎಂಎಸ್‌ಜಿ ಸೇರಿಸಿಲ್ಲ' ಎಂದು ಬರೆದದ್ದು ದಾರಿತಪ್ಪಿಸುತ್ತದೆ ಎಂಬುದು. ಎಂಎಸ್‌ಜಿ ವಿಷ ಎಂಬ ಕಾರಣಕ್ಕೆ ಆದ ಕ್ರಮ ಅದಲ್ಲ. ಅದೇ ವರ್ಷ ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿ, ಮತ್ತೆ ಪರೀಕ್ಷೆ ಮಾಡಿಸಲು ಹೇಳಿತು. ನವೆಂಬರ್‌ನಲ್ಲಿ ಮ್ಯಾಗಿ ಅಂಗಡಿಗಳಿಗೆ ಮರಳಿತು.

ಬಿಪಿ ಇರುವವರು ಕೇಳಬೇಕಾದ ಪ್ರಶ್ನೆ ಬೇರೆ

ನಮ್ಮ ಹಿರಿಯ ಸಹೋದ್ಯೋಗಿಯ ಚಿಂತೆಗೆ ಅರ್ಥವಿತ್ತು. ಬೆರಳು ತೋರಿಸಿದ ಕಡೆ ತಪ್ಪಿತ್ತು. ಅಜಿನಮೊಟೊ ಬೇಡ ಎಂದವರು ಮೇಜಿನ ಮೇಲಿದ್ದ ಸೋಯಾ ಸಾಸ್ ಬಾಟಲಿಯನ್ನು ನೂಡಲ್ಸ್ ಮೇಲೆ ಧಾರಾಳವಾಗಿ ಬಗ್ಗಿಸಿಕೊಂಡರು.

ಬಿಪಿಗೆ ಮುಖ್ಯವಾದದ್ದು ಸೋಡಿಯಂ. ಎಂಎಸ್‌ಜಿಯಲ್ಲಿ ಸುಮಾರು ಶೇ. 12ರಷ್ಟು ಸೋಡಿಯಂ ಇದ್ದರೆ, ನಾವು ದಿನವೂ ಬಳಸುವ ಉಪ್ಪಿನಲ್ಲಿ ಸುಮಾರು ಶೇ. 39ರಷ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ತಿನ್ನಬೇಕು. ಅದು 5 ಗ್ರಾಂ ಉಪ್ಪಿಗೆ ಸಮ. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲೇ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಹಾಗಾಗಿ ಬಿಪಿ ಇರುವವರು ಕೇಳಬೇಕಾದ ಮಾತು: "ಉಪ್ಪು, ಸಾಸ್ ಕಡಿಮಿ ಹಾಕ್ರಿ."

ಇನ್ನೊಂದು ಸಂಗತಿ. ಅಂಗಡಿಯವರು ಪುಡಿ ಹಾಕದಿದ್ದರೂ ಅವರು ಬಳಸುವ ರೆಡಿಮೇಡ್ ಸಾಸ್, ಮಸಾಲೆಗಳಲ್ಲಿ ಅದು ಇರಬಹುದು. ಬಾಟಲಿಯ ಹಿಂಬದಿಯಲ್ಲಿ ಐಎನ್‌ಎಸ್ 621 ಎಂಬ ಸಂಖ್ಯೆ ಇದ್ದರೆ ಅದೇ ಎಂಎಸ್‌ಜಿ. ಹಾಗೆ ನೋಡಿದರೆ ಅಂಗಡಿಯವರು ಸುಳ್ಳು ಹೇಳಿರಲಿಕ್ಕಿಲ್ಲ. ಅವರಿಗೂ ಅದು ಗೊತ್ತಿರಲಿಕ್ಕಿಲ್ಲ.

ಹೇಳಿಕೆ 2: ಗೋಬಿ ಮಂಚೂರಿಯನ್ನು ಸರ್ಕಾರ ನಿಷೇಧಿಸಿದೆ

ಇದು ನಿಜದ ಪಕ್ಕದಲ್ಲೇ ನಿಂತ ಸುಳ್ಳು. 2024ರ ಮಾರ್ಚ್ 11ರಂದು ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಪ್ರಕಟಿಸಿದ್ದು ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಬಳಸುವುದರ ಮೇಲಿನ ನಿಷೇಧವನ್ನು. ಅದಕ್ಕೂ ಮೊದಲು ರಾಜ್ಯದ ಬೇರೆ ಬೇರೆ ಕಡೆಗಳಿಂದ ಗೋಬಿ ಮಂಚೂರಿಯ 171 ಮಾದರಿಗಳನ್ನು ತಂದು ಪರೀಕ್ಷಿಸಿದ್ದರು. 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎಂಬವು ಆ ಬಣ್ಣಗಳು. ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವಾಗಿದ್ದವು. ಅವುಗಳಲ್ಲಿ ರೋಡಮೈನ್-ಬಿ ಕೂಡ ಸಿಕ್ಕಿತು. ಇದು ಬಟ್ಟೆಗೆ ಹಾಕುವ ಬಣ್ಣ, ಯಾವ ಆಹಾರಕ್ಕೂ ಹಾಕುವಂತಿಲ್ಲ. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗಳಿಗೂ ಇದೇ ಬಗೆಯ ಆದೇಶ ಬಂತು.

ಬಿಸ್ಕತ್ತು, ಐಸ್‌ಕ್ರೀಮ್‌ಗಳಲ್ಲಿ ಬಣ್ಣ ಇರುತ್ತದಲ್ಲ ಎಂದು ನೀವು ಕೇಳಬಹುದು. ಭಾರತದಲ್ಲಿ ಎಂಟು ಕೃತಕ ಬಣ್ಣಗಳಿಗೆ ಅನುಮತಿ ಇದೆ. ಆದರೆ ಯಾವ ತಿನಿಸಿಗೆ, ಎಷ್ಟು ಎಂಬ ಲೆಕ್ಕವಿದೆ. ಕಾರ್ಖಾನೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ತೂಗಿ ಹಾಕುವುದು ಬೇರೆ, ಬಂಡಿಯ ಮೇಲೆ ಹಿಟ್ಟಿಗೆ ಚಿಟಿಕೆ ಚಿಟಿಕೆ ಸುರಿಯುವುದು ಬೇರೆ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಡೆದ ಅಧ್ಯಯನವೊಂದು ಕೆಲವು ಬಣ್ಣಗಳ ಮಿಶ್ರಣ ಕುಡಿದ ಮಕ್ಕಳಲ್ಲಿ ಚಂಚಲತೆ ಹೆಚ್ಚಿದ್ದನ್ನು ಗುರುತಿಸಿತು. ಅದಾದ ಮೇಲೆ 2010ರಿಂದ ಯುರೋಪಿನಲ್ಲಿ ಈ ಬಣ್ಣಗಳಿರುವ ಪೊಟ್ಟಣದ ಮೇಲೆ ಮಕ್ಕಳ ಬಗ್ಗೆ ಎಚ್ಚರಿಕೆಯ ಸಾಲು ಇರಲೇಬೇಕು. ನಮ್ಮ ಕಡೆ ಶಾಲೆ ಬಿಟ್ಟ ಕೂಡಲೇ ಗೋಬಿ ಬಂಡಿಯ ಮುಂದೆ ನಿಲ್ಲುವವರೂ ಮಕ್ಕಳೇ.

ಬಣ್ಣ ಹಾಕಿದ್ದಾರೆಯೇ ಎಂದು ಅಂದಾಜು ಮಾಡುವುದು ಹೇಗೆ? ಸಾಸ್ ಬೆರೆಸುವ ಮೊದಲು, ಬರೀ ಕರಿದ ಒಂದು ತುಂಡು ಕೇಳಿ. ಅದನ್ನು ಒಂದು ಲೋಟ ನೀರಿಗೆ ಹಾಕಿ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಈ ಕೃತಕ ಬಣ್ಣಗಳು ನೀರಿನಲ್ಲಿ ಬೇಗ ಬಿಡುತ್ತವೆ. ನೀರು ತಕ್ಷಣ ಕಡುಗೆಂಪು ಅಥವಾ ಕಿತ್ತಳೆಯಾದರೆ ಅನುಮಾನ ಪಡಬಹುದು. ಇದು ಸುಳಿವು ಮಾತ್ರ. ಖಚಿತವಾಗಿ ಹೇಳಲು ಪ್ರಯೋಗಾಲಯವೇ ಬೇಕು. ಕಂದು ಬಣ್ಣದ ಮಂಚೂರಿಯ ರುಚಿಗೆ ಏನೂ ಕೊರತೆಯಿಲ್ಲ ಎಂಬುದನ್ನಂತೂ ನಾವು ತಿಂದೇ ಹೇಳುತ್ತಿದ್ದೇವೆ.

ಮಂಚೂರಿಯ ಊರಿನ ಬಗ್ಗೆಯೂ ಒಂದು ಮಾತು. ಚೀನಾದ ಮಂಚೂರಿಯಾದಲ್ಲಿ ಈ ತಿನಿಸಿಲ್ಲ. 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಅಡುಗೆ ಮಾಡುತ್ತಿದ್ದ, ಕೋಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಅವರು ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿಯ ಒಗ್ಗರಣೆಗೆ ಸೋಯಾ ಸಾಸ್ ಸೇರಿಸಿ ಮಾಡಿದ ಕೋಳಿಯ ಅಡುಗೆಯಿಂದ ಇದು ಶುರುವಾಯಿತು ಎನ್ನುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂತು. ಹೂಕೋಸಿನ ರೇಟು ಏರಿದಾಗ ನಮ್ಮ ಬಂಡಿಗಳಲ್ಲಿ ಎಲೆಕೋಸು ಬಂತು. ಹೆಸರಷ್ಟೇ ಚೈನೀಸ್, ಅಡುಗೆ ನಮ್ಮದೇ.

ಹೇಳಿಕೆ 3: ಕೋಸಿನ ಹುಳು ಮಿದುಳಿಗೆ ಹೋಗುತ್ತದೆ

ಕೋಸಿನ ಎಲೆಗಳ ನಡುವೆ ಕಾಣುವ ಹಸಿರು ಹುಳುಗಳು ಮಿದುಳಿಗೆ ಹೋಗುವುದಿಲ್ಲ. ಅವು ಚಿಟ್ಟೆ, ಪತಂಗಗಳ ಮರಿಗಳು. ಮಿದುಳಿನಲ್ಲಿ ಗಂಟು ಮಾಡಿ ಮೂರ್ಛೆ ತರುವುದು ಲಾಡಿಹುಳುವಿನ ಮೊಟ್ಟೆ. ಅದು ಬರುವುದು ಆ ಹುಳು ಹೊಟ್ಟೆಯಲ್ಲಿರುವ ಮನುಷ್ಯರ ಮಲದಿಂದ. ಬಯಲು ಶೌಚ ಇರುವ ಕಡೆ ಹೊಲಕ್ಕೆ ಹರಿಯುವ ಕೊಳಚೆ ನೀರು, ತೊಳೆಯದ ಕೈ ಇವು ಆ ಮೊಟ್ಟೆಯ ದಾರಿ. ನೆಲಕ್ಕೆ ಹತ್ತಿರ ಬೆಳೆಯುವ ಯಾವ ತರಕಾರಿಗೂ ಅದು ಅಂಟಬಹುದು: ಕೋಸು, ಕೊತ್ತಂಬರಿ, ಮೂಲಂಗಿ, ಗಜ್ಜರಿ.

ಚೆನ್ನಾಗಿ ಬೇಯಿಸಿದರೆ, ಕರಿದರೆ ಆ ಮೊಟ್ಟೆ ಸಾಯುತ್ತದೆ. ಆದ್ದರಿಂದ ಕಡಾಯಿಯಿಂದ ಎದ್ದ ಗೋಬಿಯ ಬಗ್ಗೆ ಭಯ ಬೇಡ. ಅದರ ಮೇಲೆ ಅಲಂಕಾರಕ್ಕೆ ಉದುರಿಸುವ ಹಸಿ ಕೋಸು, ಕೊತ್ತಂಬರಿ ತೊಳೆದದ್ದೇ ಎಂದು ನೋಡಿ. ಅನುಮಾನವಿದ್ದರೆ ಅದು ಬೇಡ ಎನ್ನಿ.

ಯಾವ ಫಾರ್ವರ್ಡ್‌ನಲ್ಲೂ ಇಲ್ಲದ ಅಪಾಯ: ಹೊರಗೆ ಇಟ್ಟ ಅನ್ನ

ಈಗ ನಮ್ಮ ರಾತ್ರಿಯ ಕಥೆಗೆ ಬರೋಣ. ಬೆಳಗ್ಗೆ ಸಿಟ್ಟು ಇಳಿದ ಮೇಲೆ ಒಂದು ಕಾಗದ ತೆಗೆದು ಯಾರು ಏನು ತಿಂದಿದ್ದೆವು ಎಂದು ಬರೆದೆವು. ಗೋಬಿ ಮಂಚೂರಿಯನ್ನು ಐವರೂ ತಿಂದಿದ್ದೆವು. ನೂಡಲ್ಸ್ ಮೂವರು. ಎಗ್ ಫ್ರೈಡ್ ರೈಸ್ ಇಬ್ಬರೇ, ನಮ್ಮ ಡ್ರೈವರ್ ಅಣ್ಣ ಮತ್ತು ತಂಡದ ಅತಿ ಕಿರಿಯ ಹುಡುಗ. ವಾಂತಿಯಾದದ್ದು ಅವರಿಬ್ಬರಿಗೇ. ಸಾಸ್, ಮಸಾಲೆ ಎಲ್ಲ ತಟ್ಟೆಗೂ ಬಿದ್ದಿತ್ತು. ಅಜಿನಮೊಟೊ ಕಾರಣವಾಗಿದ್ದರೆ ಉಳಿದ ಮೂವರು ಹೇಗೆ ತಪ್ಪಿಸಿಕೊಂಡೆವು?

ಆಗ ನೆನಪಾಯಿತು. ಒಲೆಯ ಪಕ್ಕದಲ್ಲಿ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಅನ್ನ ತುಂಬಿಟ್ಟಿದ್ದರು. ಮಧ್ಯಾಹ್ನವೇ ಬೇಯಿಸಿಟ್ಟದ್ದು ಎಂದು ಅವರೇ ಹೇಳಿದ್ದರು. ಫ್ರೈಡ್ ರೈಸ್‌ಗೆ ಆರಿದ, ಉದುರುದುರಾದ ಅನ್ನವೇ ಬೇಕು ಎಂಬುದು ಎಲ್ಲ ಅಡುಗೆಯವರಿಗೂ ಗೊತ್ತು. ತಿಂದದ್ದು ರಾತ್ರಿ ಎಂಟೂವರೆಗೆ.

ಅಕ್ಕಿಯ ಜೊತೆ ಮಣ್ಣಿನಿಂದ ಬರುವ ಒಂದು ಬ್ಯಾಕ್ಟೀರಿಯಾ ಇದೆ, ಹೆಸರು ಬ್ಯಾಸಿಲಸ್ ಸೀರಿಯಸ್. ಅನ್ನ ಕುದಿಯುವಾಗ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅದರ ಬೀಜಕಣಗಳು ಗಟ್ಟಿ ಕವಚದೊಳಗೆ ಉಳಿದುಬಿಡುತ್ತವೆ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿದರೆ ಬೀಜಕಣಗಳು ಮೊಳೆತು, ಬೆಳೆದು, ಸೆರ್ಯುಲೈಡ್ ಎಂಬ ವಿಷ ಬಿಡುತ್ತವೆ. ಈ ವಿಷಕ್ಕೆ ಬೆಂಕಿಯ ಭಯವಿಲ್ಲ. ದೊಡ್ಡ ಉರಿಯಲ್ಲಿ ಕಡಾಯಿಯಲ್ಲಿ ಹುರಿದರೂ ಅದು ನಾಶವಾಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಅನ್ನ ಹಳಸಿದ ವಾಸನೆ ಬರಲೇಬೇಕೆಂದಿಲ್ಲ.

1970ರ ದಶಕದಲ್ಲಿ ಬ್ರಿಟನ್ನಿನ ಚೈನೀಸ್ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರಿಗೆ ಹೀಗೆ ಆದ ಪ್ರಕರಣಗಳ ಸರಣಿಯಿಂದಲೇ ಇದು ವೈದ್ಯಲೋಕಕ್ಕೆ ಚೆನ್ನಾಗಿ ತಿಳಿಯಿತು. ಇದಕ್ಕೆ 'ಫ್ರೈಡ್ ರೈಸ್ ಸಿಂಡ್ರೋಮ್' ಎಂಬ ಅಡ್ಡಹೆಸರೂ ಇದೆ. ಪುರಾವೆ ಇಲ್ಲದ ಎಂಎಸ್‌ಜಿಯ ಹೆದರಿಕೆ ಲೋಕವೆಲ್ಲ ಸುತ್ತಿತು. ಪುರಾವೆ ಇರುವ ಅನ್ನದ ಎಚ್ಚರಿಕೆ ವೈದ್ಯರ ಪುಸ್ತಕದಲ್ಲೇ ಉಳಿಯಿತು.

ನಮ್ಮ ಇಬ್ಬರಿಗೆ ಆದದ್ದು ಇದೇ ಎಂದು ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಖಚಿತವಾಗಿ ಹೇಳಲಾಗದು. ಆದರೆ ಯಾರು ತಿಂದರು, ಎಷ್ಟು ಹೊತ್ತಿಗೆ ಶುರುವಾಯಿತು, ಏನು ಲಕ್ಷಣ ಎಂಬ ಮೂರೂ ಅನ್ನದ ಕಡೆಗೇ ಬೆರಳು ತೋರಿಸುತ್ತವೆ.

ಬಿಸಿಲು ಇಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, ಹೊರಗಿನ ತಾಪಮಾನ 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಂದೇ ಗಂಟೆ ಎಂಬುದು ಅಮೆರಿಕದ ಕೃಷಿ ಇಲಾಖೆಯ ಸಲಹೆ. ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಹಗಲು 40 ಡಿಗ್ರಿ ದಾಟುತ್ತದೆ, ಜೊತೆಗೆ ಕರೆಂಟ್ ಹೋದರೆ ಫ್ರಿಜ್ ಇದ್ದೂ ಇಲ್ಲದಂತೆ.

ಇದು ಅಂಗಡಿಯವರ ತಪ್ಪು ಮಾತ್ರ ಎಂದುಕೊಳ್ಳಬೇಡಿ. ರಾತ್ರಿ ಉಳಿದ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಹಾಕುವುದು ನಮ್ಮೆಲ್ಲರ ಮನೆಯ ಪದ್ಧತಿ. ಅನ್ನ ಬಿಸಾಡಬಾರದು ಎಂಬ ಸಂಸ್ಕಾರ ದೊಡ್ಡದು, ಅದನ್ನು ಬಿಡಬೇಕಿಲ್ಲ. ಉಳಿಯುತ್ತದೆ ಎಂದು ಗೊತ್ತಾದ ಕೂಡಲೇ ಅಗಲ ತಟ್ಟೆಯಲ್ಲಿ ಹರವಿ, ಬೇಗ ಆರಿಸಿ, ಫ್ರಿಜ್‌ಗೆ ಇಡಿ. ಫ್ರಿಜ್ ಇಲ್ಲದಿದ್ದರೆ ಬೇಸಿಗೆಯಲ್ಲಿ ಅಳತೆ ನೋಡಿ ಬೇಯಿಸಿ.

ಒಂದು ವೇಳೆ ವಾಂತಿ, ಭೇದಿ ಶುರುವಾದರೆ ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿ. ಹೆಚ್ಚಿನವರಿಗೆ ಒಂದು ದಿನದೊಳಗೆ ಕಡಿಮೆಯಾಗುತ್ತದೆ. ಚಿಕ್ಕ ಮಕ್ಕಳು, ವಯಸ್ಸಾದವರು, ಬಸುರಿಯರು ಆದರೆ ಅಥವಾ ರಕ್ತ, ಜ್ವರ, ಮೂತ್ರ ಕಡಿಮೆಯಾಗುವುದು, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮುಂದಿನ ಸಲ ಅಂಗಡಿಯಲ್ಲಿ ಕೂತಾಗ

- ಅನ್ನ ಎಷ್ಟು ಹೊತ್ತಿನದು ಎಂದು ಕೇಳಿ. ಮಧ್ಯಾಹ್ನದ್ದಾಗಿದ್ದು ಹೊರಗೇ ಇದ್ದರೆ ಆಗಲೇ ಮಾಡಿದ ಬೇರೆ ಏನಾದರೂ ತಿನ್ನಿ. ಬೇಯಿಸಿಟ್ಟ ನೂಡಲ್ಸ್‌ಗೂ ಇದೇ ಪ್ರಶ್ನೆ.
- ಎಣ್ಣೆ ನೋಡಿ. ಕಪ್ಪಾಗಿ, ಜಿಗುಟಾಗಿ, ನೊರೆ ಬಂದು, ಹಾಕುವ ಮೊದಲೇ ಹೊಗೆಯಾಡುತ್ತಿದ್ದರೆ ಅದು ಹಲವು ಸಲ ಕಾಯಿಸಿದ ಎಣ್ಣೆ. ಎಣ್ಣೆ ಕೆಡುತ್ತಾ ಹೋದಂತೆ ಹುಟ್ಟುವ ಪದಾರ್ಥಗಳು ಶೇ. 25 ದಾಟಿದರೆ ಅದನ್ನು ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿದೆ.
- ಬಣ್ಣ ನೋಡಿ. ಕಣ್ಣು ಕುಕ್ಕುವ ಕೆಂಪಿದ್ದರೆ "ಬಣ್ಣ ಹಾಕದ್ದು ಕೊಡ್ರಿ" ಎನ್ನಿ. ಗಿರಾಕಿಗಳೇ ಕೇಳಿದರೆ ಬಣ್ಣ ತಾನಾಗಿ ನಿಲ್ಲುತ್ತದೆ.
- ಬಿಸಿ ತಿನಿಸನ್ನು ಪೇಪರಿನಲ್ಲಿ ಕಟ್ಟಿಸಿಕೊಳ್ಳಬೇಡಿ. ಅಚ್ಚಿನ ಶಾಯಿ ಎಣ್ಣೆಯೊಂದಿಗೆ ಹೊಟ್ಟೆಗೆ ಹೋಗುತ್ತದೆ. ಮನೆಯಿಂದ ಡಬ್ಬಿ ಒಯ್ಯುವುದು ಒಳ್ಳೆಯದು.
- ಅಂಗಡಿಯಲ್ಲಿ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ನೋಂದಣಿ ಸಂಖ್ಯೆ ಇದೆಯೇ ನೋಡಿ. ದೂರು ಇದ್ದರೆ ತಾಲೂಕು ಅಥವಾ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಕೊಡಿ.

ಕಳುಹಿಸದೇ ಬಿಟ್ಟ ಸಂದೇಶ

ಆ ಬೆಳಗ್ಗೆ ನಮ್ಮಲ್ಲೊಬ್ಬರು ಒಂದು ಸಂದೇಶ ಬರೆದು ಮುಗಿಸಿದ್ದರು. ಅಂಗಡಿಯ ಹೆಸರು, ಫೋಟೊ, 'ಅಜಿನಮೊಟೊ ಹಾಕಿ ವಿಷ ಉಣಿಸುತ್ತಾರೆ, ಯಾರೂ ಹೋಗಬೇಡಿ' ಎಂಬ ಸಾಲು. ಬೆರಳು ಗುಂಡಿಯ ಮೇಲಿತ್ತು. ಹಿಂದಿನ ದಿನವಷ್ಟೇ ನಾವು ಕಾಲೇಜಿನಲ್ಲಿ ನಿಂತು 'ಕಳುಹಿಸುವ ಮೊದಲು ಯೋಚಿಸಿ' ಎಂದು ಪಾಠ ಮಾಡಿ ಬಂದವರು! ಅದು ಹೋಗಿದ್ದರೆ ಸಂಜೆಯೊಳಗೆ ಊರೆಲ್ಲ ಹರಡುತ್ತಿತ್ತು. ಹತ್ತು ಕುರ್ಚಿಯ ಅಂಗಡಿ ಮುಚ್ಚಲು ಅಷ್ಟು ಸಾಕು. ಅನ್ನ ಹೊರಗಿಡುವ ಬೇರೆ ಅಂಗಡಿಗಳು ಮಾತ್ರ 'ಅಜಿನಮೊಟೊ ಇಲ್ಲ' ಎಂದು ಬೋರ್ಡ್ ಹಾಕಿಕೊಂಡು ಹಾಗೇ ನಡೆಯುತ್ತಿದ್ದವು.

ಎರಡು ವಾರದ ನಂತರ ಅದೇ ದಾರಿಯಲ್ಲಿ ಹೋಗುವಾಗ ಅಂಗಡಿಗೆ ಹೋದೆವು. ಆದದ್ದನ್ನು ಹೇಳಿದೆವು, ಅನ್ನದ ವಿಷಯ ವಿವರಿಸಿದೆವು. ಅವರ ಮುಖ ಸಣ್ಣದಾಯಿತು. "ಹತ್ತು ವರ್ಷ ಆತ್ರಿ ಅಂಗಡಿ ಇಟ್ಟು. ದಿನಾ ಅಜಿನಮೊಟೊ ಕೇಳ್ತಾರ. ಅನ್ನ ಯಾವಾಗ ಮಾಡೀರಿ ಅಂತ ಒಬ್ಬರೂ ಕೇಳಿಲ್ರಿ" ಎಂದರು. ಈಗ ಸಂಜೆ ಐದಕ್ಕೆ ಒಂದು ಸಲ, ಬೇಕಾದರೆ ಏಳಕ್ಕೆ ಇನ್ನೊಂದು ಸಲ, ಸ್ವಲ್ಪ ಸ್ವಲ್ಪವೇ ಅನ್ನ ಮಾಡಿ, ಹರವಿ, ಫ್ಯಾನ್ ಕೆಳಗೆ ಆರಿಸುತ್ತಾರಂತೆ. ಗ್ಯಾಸ್ ಖರ್ಚು ಸ್ವಲ್ಪ ಹೆಚ್ಚಾಗಿದೆ ಎಂದರು. ಅವತ್ತು ನಮ್ಮ ಡ್ರೈವರ್ ಅಣ್ಣನೇ ಮೊದಲು ಕುರ್ಚಿ ಎಳೆದು ಕೂತರು, "ಅನ್ನ ಎಷ್ಟು ಹೊತ್ತಿಂದದ?" ಎಂದು ಕೇಳಿ, ಎಗ್ ರೈಸ್ ಹೇಳಿದರು.